ಗ್ರಾಹಕದ ಬಾಗಿಲಲ್ಲಿ ಎಂಡೋಸಲ್ಫಾನ್

ಪುತ್ತೂರು, ಸುಳ್ಯ, ಕಡಬ ಭಾಗದ ಗೇರು ನೆಡುತೋಪುಗಳ ಮೇಲೆ ಹಿಂದೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದ ಎಂಡೋಸಲ್ಫಾನ್ ಕೀಟನಾಶಕವನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿತು. ಅದರಿಂದ ಕ್ಯಾನ್ಸರ್ ಬರುವುದೇ?

ಅನೇಕ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಗ್ರಾಹಕ ಪ್ರೋಟೀನ್ ಇರುತ್ತದೆ. ಹಾರ್ಮೋನ್ ಬರುವವರೆಗೆ ಎಚ್‌ಎಸ್‌ಪಿ-90 ಎಂಬ ಪ್ರೋಟೀನ್ ಅದನ್ನು ತಡೆದಿಟ್ಟಿರುತ್ತದೆ. ಹಾರ್ಮೋನ್ ಕೂಡಿದೊಡನೆ ಗ್ರಾಹಕದ ಆಕಾರ ಬದಲಾಗುತ್ತದೆ. ಸಹಪ್ರಚೋದಕ ಪ್ರೋಟೀನುಗಳು ಅದಕ್ಕೆ ಅಂಟಿಕೊಂಡು ಕೋಶವಿಭಜನೆಯ ಜೀನುಗಳನ್ನು ಚುರುಕುಗೊಳಿಸುತ್ತವೆ. ಟ್ಯಾಮಾಕ್ಸಿಫೆನ್ ಔಷಧ ಹಾರ್ಮೋನಿನ ಜಾಗದಲ್ಲಿ ಕುಳಿತು ಇವುಗಳನ್ನು ದೂರವಿಡುತ್ತದೆ.

1994ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಡೋಸಲ್ಫಾನ್ ಸಹ ಹಾರ್ಮೋನಿನಂತೆಯೇ ಇಂಥ ಕೋಶಗಳ ಸಂಖ್ಯೆಯನ್ನು ಹೆಚ್ಚಿಸಿತು. ಆದರೆ ಅದಕ್ಕೆ ಲಕ್ಷಾಂತರ ಪಟ್ಟು ಹೆಚ್ಚು ಪ್ರಮಾಣ ಬೇಕಾಯಿತು. ಗಾಜಿನ ತಟ್ಟೆಯ ಈ ಫಲಿತಾಂಶವೊಂದರಿಂದಲೇ ನಮ್ಮೂರಿನ ಕ್ಯಾನ್ಸರಿಗೆ ಕಾರಣ ಹೇಳಲಾಗದು. ರೋಗಿಗಳ ಲೆಕ್ಕ, ರಕ್ತಪರೀಕ್ಷೆಯ ಅಳತೆ ಎರಡೂ ಬೇಕು.