ಟಿಕೆಟ್ ತಗೊಂಡಿದ್ದು ಗೇಟಿಗೆ ಮಾತ್ರ!

ಕಳೆದ ವಾರ ಮುರುಗಮಲ್ಲದಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ದರು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಅಂದ್ರೆ ದರ್ಗಾ ಇರೋ ಊರು, ಎಲ್ಲೆಲ್ಲಿಂದಲೋ ಜನ ಗಾಡಿ ಮಾಡಿಕೊಂಡು ಅಲ್ಲಿಗೆ ಬರ್ತಾರೆ. ಇವರು ಮಕ್ಕಳ ಹಟಕ್ಕೆ ಅಲ್ಲಿಂದ ಗಾಡಿ ಮಾಡಿಕೊಂಡು ಬೆಂಗಳೂರಿನ ಆಚೆ ಇರುವ ಒಂದು ವಾಟರ್ ಪಾರ್ಕ್ ರೆಸಾರ್ಟಿಗೆ ಹೋಗಿದ್ದರು. ಪಾರ್ಕಿನ ಹೆಸರು ನಾನು ಹೇಳಲ್ಲ, ಅವರೂ ಹೇಳಲಿಲ್ಲ.

ರೇಷ್ಮೆ ಬೆಳೆಯುವ ಮನುಷ್ಯ. ಗೂಡು ಮಾರಿದ ದುಡ್ಡಲ್ಲಿ ಒಂದಷ್ಟು ಎತ್ತಿಟ್ಟು, ರಜೆಯ ಭಾನುವಾರ ನಸುಕಿನಲ್ಲೇ ಹೊರಟಿದ್ದಾರೆ. ನಾಲ್ಕು ಜನಕ್ಕೆ ಟಿಕೆಟ್ ಸುಮಾರು ಐದು ಸಾವಿರ. ಚಿಕ್ಕ ಮಗಳು ಎತ್ತರದ ಗೆರೆ ದಾಟಿದ್ದಾಳೆ ಅಂತ ಅವಳಿಗೂ ದೊಡ್ಡವರ ಟಿಕೆಟ್. ಆಮೇಲೆ ಪಾರ್ಕಿಂಗ್, ಲಾಕರ್, ನೀರಿಗಿಳಿಯಲು ನೈಲಾನ್ ಬಟ್ಟೆ. ಮನೆಯಿಂದ ಕಟ್ಟಿಕೊಂಡು ಹೋದ ಚಿತ್ರಾನ್ನದ ಡಬ್ಬಿ ಗೇಟಲ್ಲೇ ನಿಂತಿತು, ಒಳಗಡೆ ಊಟಕ್ಕೆ ಬೇರೆ ದುಡ್ಡು. ಸಂಜೆ ಆರಕ್ಕೆ ಹೊರಗೆ ಬಂದಾಗ ಒಬ್ಬೊಬ್ಬರೂ ಆಡಿದ್ದು ಐದು ರೈಡ್. ಅವರ ಮಾತು ಇಷ್ಟೇ: "ಸರ್, ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ. ದಿನವೆಲ್ಲಾ ಕ್ಯೂನಲ್ಲಿ ನಿಂತಿದ್ವಲ್ಲ, ಅದಕ್ಕಾ ನಾವು ಟಿಕೆಟ್ ತಗೊಂಡಿದ್ದು?"

ಒಳ್ಳೇ ಪ್ರಶ್ನೆ. ನಾನು ಇಂಜಿನಿಯರಿಂಗ್ ಓದಿದವನು, ಟಿವಿಗೆ ಬಂದ ಮೇಲೂ ಲೆಕ್ಕ ಹಾಕೋ ಚಾಳಿ ಬಿಟ್ಟಿಲ್ಲ. ಇದನ್ನೊಂದು ಲೆಕ್ಕವಾಗಿಯೇ ನೋಡೋಣ.

ಒಂದು ರೈಡ್‌ನಲ್ಲಿ 24 ಸೀಟು ಇದೆ ಅಂದುಕೊಳ್ಳಿ. ಹತ್ತಿಸಿ, ಬೆಲ್ಟ್ ಹಾಕಿ, ಓಡಿಸಿ, ಇಳಿಸೋಕೆ ಮೂರು ನಿಮಿಷ. ಗಂಟೆಗೆ 20 ಸುತ್ತು, ಅಂದ್ರೆ 480 ಜನ. ನಿಮ್ಮ ಮುಂದೆ 480 ಜನ ನಿಂತಿದ್ದರೆ ಒಂದು ಗಂಟೆ ಕಾಯಬೇಕು. ಇಲ್ಲಿವರೆಗೂ ನ್ಯಾಯ.

ಈಗ ಪಕ್ಕದಲ್ಲಿ ಇನ್ನೊಂದು ಸಾಲು ಬರುತ್ತೆ. ಹೆಚ್ಚು ದುಡ್ಡು ಕೊಟ್ಟು ಫಾಸ್ಟ್ ಟ್ರ್ಯಾಕ್ ಟಿಕೆಟ್ ತಗೊಂಡವರ ಸಾಲು. ಗಂಟೆಗೆ ಅವರು 120 ಸೀಟು ಹಿಡಿದರು ಅನ್ನಿ. ನಿಮ್ಮ ಸಾಲಿಗೆ ಉಳಿಯೋದು 360, ಒಂದು ಗಂಟೆ ಕಾಯುವುದು 80 ನಿಮಿಷ ಆಯ್ತು. ಪಾರ್ಕ್ ಒಂದೇ ಒಂದು ಸೀಟು ಹೆಚ್ಚು ಹಾಕಿಲ್ಲ ನೋಡಿ! ಅವರಿಗೆ ಮಾರಿದ್ದು ನಿಮ್ಮ ಇಪ್ಪತ್ತು ನಿಮಿಷವನ್ನು.

ಇನ್ನೂ ಇದೆ. ಎರಡು ಗಾಡಿ ಓಡಬೇಕಾದ ರೈಡ್‌ನಲ್ಲಿ ಒಂದು ರಿಪೇರಿಗೆ ನಿಂತಿತು, ಅಥವಾ ನಡೆಸೋಕೆ ಸಿಬ್ಬಂದಿ ಸಾಲದಾದರು. ಗಂಟೆಗೆ 480 ಇದ್ದಿದ್ದು 240ಕ್ಕೆ ಇಳಿಯುತ್ತೆ. ಫಾಸ್ಟ್ ಟ್ರ್ಯಾಕ್ ಟಿಕೆಟ್ ಮೊದಲೇ ಮಾರಿ ಆಗಿದೆ, ಅವರ 120 ಸೀಟಿಗೆ ಕೈ ಹಾಕೋಹಾಗಿಲ್ಲ. ನಿಮಗೆ ಉಳಿದಿದ್ದು 120. ಅದೇ 480 ಜನರ ಸಾಲು ಈಗ ನಾಲ್ಕು ಗಂಟೆಯ ಸಾಲು. ರೈಡ್ ಅರ್ಧಕ್ಕೆ ಇಳಿದರೆ ನಿಮ್ಮ ಕಾಯುವಿಕೆ ಮೂರು ಪಟ್ಟು ಆಗೋದು ಹೀಗೆ.

ಇದು ನಮ್ಮಲ್ಲೇ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಡಿಸ್ನಿಲ್ಯಾಂಡ್ ಶುರುವಾಗಿದ್ದು 1955ರಲ್ಲಿ. ಮೊದಲು ಅಲ್ಲಿ ಗೇಟಿಗೊಂದು ದುಡ್ಡು, ಆಡೋ ಒಂದೊಂದು ಆಟಕ್ಕೂ ಕೂಪನ್. ನಮ್ಮ ಉರುಸ್, ಜಾತ್ರೆಗಳಲ್ಲಿ ಜೈಂಟ್ ವೀಲ್‌ಗೆ ಬೇರೆ, ಕೊಲಂಬಸ್‌ಗೆ ಬೇರೆ ಕೊಡ್ತೀವಲ್ಲ, ಹಾಗೇ. 1982ರಲ್ಲಿ ಕೂಪನ್ ಹೋಗಿ ಒಂದೇ ಟಿಕೆಟ್ ಉಳಿಯಿತು. 1999ರಲ್ಲಿ ಫಾಸ್ಟ್‌ಪಾಸ್ ಬಂತು, ಪುಕ್ಕಟೆ, ಎಲ್ಲರಿಗೂ. 2021ರಲ್ಲಿ ಅದನ್ನು ತೆಗೆದು ಅದೇ ಸೌಲಭ್ಯಕ್ಕೆ ದುಡ್ಡು ಇಟ್ಟರು. ಕೂಪನ್ ಬೇರೆ ಹೆಸರಲ್ಲಿ ವಾಪಸ್ ಬಂತು.

ನಮ್ಮ ರಾಜ್ಯದಲ್ಲಿ ದೊಡ್ಡ ಪಾರ್ಕ್ ಅಂದ್ರೆ ಬಿಡದಿ ಹತ್ತಿರದ ವಂಡರ್‌ಲಾ. 2005ರಲ್ಲಿ ಶುರುವಾಯ್ತು, 2012ರಲ್ಲಿ ರೆಸಾರ್ಟ್ ಸೇರಿತು, 2014ರಲ್ಲಿ ಕಂಪನಿ ಷೇರುಪೇಟೆಗೆ ಬಂತು. ಕಂಪನಿ ಷೇರುದಾರರಿಗೆ ಕೊಡುವ ಲೆಕ್ಕದಲ್ಲಿ ಒಬ್ಬ ಗಿರಾಕಿಯಿಂದ ಬಂದ ಆದಾಯವನ್ನು ಎರಡು ಭಾಗ ಮಾಡಿ ತೋರಿಸುತ್ತೆ: ಟಿಕೆಟ್‌ನಿಂದ ಎಷ್ಟು, ಟಿಕೆಟ್ ಬಿಟ್ಟು ಉಳಿದದ್ದರಿಂದ ಎಷ್ಟು. ಇದರಲ್ಲಿ ಮುಚ್ಚುಮರೆ ಏನಿಲ್ಲ, ಈ ವ್ಯಾಪಾರದ ರೀತಿಯೇ ಅದು. ಟಿಕೆಟ್ ದರ ಏರಿಸಿದರೆ ಜನ ಗೊಣಗ್ತಾರೆ. ಒಳಗಡೆಯ ಊಟ, ಲಾಕರ್, ಬಟ್ಟೆಯ ದರ ಮನೆಯಿಂದ ಹೊರಡುವಾಗ ಯಾರೂ ನೋಡಲ್ಲ.

ಮಾಲೀಕರ ಕಷ್ಟವೂ ಸುಳ್ಳಲ್ಲ. ಜಿಎಸ್‌ಟಿ ಬಂದಾಗ ಇಂಥ ಪಾರ್ಕ್‌ಗಳಿಗೆ ಶೇಕಡಾ 28 ತೆರಿಗೆ ಇತ್ತು, 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. ಮಳೆಗಾಲದ ಸೋಮವಾರ ಪಾರ್ಕ್ ಖಾಲಿ ಹೊಡೆಯುತ್ತೆ, ಆದರೂ ಕರೆಂಟ್ ಬಿಲ್, ಸಂಬಳ ನಿಲ್ಲಲ್ಲ. ಸರಿ, ಒಪ್ಪೋಣ. ಆದರೆ ಎಷ್ಟು ರೈಡ್ ಇವತ್ತು ನಿಂತಿವೆ ಅನ್ನೋದನ್ನ ಟಿಕೆಟ್ ಕೌಂಟರ್‌ನಲ್ಲೇ ಬರೆದು ಹಾಕೋಕೆ ಏನು ಖರ್ಚು? ಒಂದು ಬೋರ್ಡು, ಒಂದು ಸೀಮೆಸುಣ್ಣ!

ನೀರಿನ ಬಾಟಲಿ ವಿಷಯಕ್ಕೆ ಬರ್ತೀನಿ, ಅದನ್ನೂ ಕೇಳಿದ್ದರು. ಅಂಗಡಿಯಲ್ಲಿ ಎಂಆರ್‌ಪಿಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಕೂರಿಸಿ ಬಡಿಸುವ ಹೋಟೆಲ್, ರೆಸ್ಟೋರೆಂಟ್‌ಗಳು ತಗೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಹಾಗಾಗಿ ನೀವು ಎಲ್ಲಿ ತಗೊಂಡ್ರಿ ಅನ್ನೋದು ಮುಖ್ಯ, ಬಿಲ್ ಬಿಸಾಡಬೇಡಿ. ಜಾಹೀರಾತಿನಲ್ಲಿ ತೋರಿಸಿದ ರೈಡ್ ಓಡದೇ ಇದ್ದರೆ ಅಲ್ಲೇ ಮ್ಯಾನೇಜರ್‌ಗೆ ಬರೆದು ಕೊಡಿ, ಫೋಟೋ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ನೀವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. 2019ರ ಕಾಯ್ದೆ ಪ್ರಕಾರ ನೀವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಅಲೆಯಬೇಕಿಲ್ಲ.

ಇಷ್ಟೆಲ್ಲಾ ಹೇಳಿ, ಮುಂದಿನ ಸಲ ಮಂಗಳವಾರವೋ ಬುಧವಾರವೋ ಹೋಗಿ, ಜನ ಕಡಿಮೆ ಇರ್ತಾರೆ, ಎಷ್ಟೋ ಕಡೆ ಟಿಕೆಟ್ ದರವೂ ಕಡಿಮೆ ಅಂದೆ. ಆ ಕಡೆಯಿಂದ ಅವರು ನಕ್ಕರು. "ಸರಿ ಸರ್. ಸ್ಕೂಲಿಗೆ ರಜಾ ಚೀಟಿ ನೀವು ಬರ್ಕೊಡ್ತೀರಾ?"