ವಾರ್ತೆಯ ಇಂಗ್ಲಿಷೂ ಮರೆಯಾದ ಕರ್ತೃವೂ

ಪರಭಾಷೆಯ ಪದಗಳನ್ನು ಕಲಿಯಲು ನಾವು ವಿದ್ಯಾರ್ಥಿಗಳಾಗಿದ್ದಾಗ ನಂಬಿದ್ದು ಎರಡನ್ನೇ: ಪಠ್ಯಪುಸ್ತಕ ಮತ್ತು ನಿಘಂಟು. ಇಂದಿನ ತರುಣರು ಹೆಚ್ಚಾಗಿ ಹಿಡಿಯುವುದು ವಾರ್ತೆಯ ದಾರಿಯನ್ನು. ದಿನಕ್ಕೊಂದು ಇಂಗ್ಲಿಷ್ ಸುದ್ದಿಯನ್ನು ಓದಿ, ಅದರಲ್ಲಿನ ಅಪರಿಚಿತ ಪದಗಳಿಗೆ ಅರ್ಥ ಬರೆದುಕೊಳ್ಳುತ್ತಾರೆ. ಈ ಕ್ರಮ ತೀರ ಹೊಸದೇನೂ ಅಲ್ಲ. ಬಾನುಲಿಯೇ ಇದಕ್ಕೆ ಹಿರಿಯ ಗುರು. ‘ವಾಯ್ಸ್ ಆಫ್ ಅಮೆರಿಕ’ 1959ರಲ್ಲಿ ‘ಸ್ಪೆಷಲ್ ಇಂಗ್ಲಿಷ್’ ಎಂಬ ಪ್ರಸಾರವನ್ನು ಆರಂಭಿಸಿತು. ಸುಮಾರು 1500 ಪದಗಳ ಮಿತಿ, ಚಿಕ್ಕ ವಾಕ್ಯಗಳು, ನಿಧಾನವಾದ ಉಚ್ಚಾರಣೆ. ಇಷ್ಟರಿಂದಲೇ ಅದು ಲೋಕವಾರ್ತೆಯನ್ನು ಭಾಷಾಪಾಠವನ್ನಾಗಿಯೂ ಮಾಡಿತು.

ಈ ದಾರಿಯನ್ನು ನಾನು ಮೆಚ್ಚುತ್ತೇನೆ. ನಿಘಂಟಿನಲ್ಲಿ ಪದ ಒಂಟಿಯಾಗಿರುತ್ತದೆ. ಸುದ್ದಿಯಲ್ಲಿ ಅದು ಕೆಲಸದಲ್ಲಿ ತೊಡಗಿರುತ್ತದೆ. ಆದರೆ ಕಲಿಯುವವರು ಅರ್ಥವನ್ನು ಬರೆದುಕೊಂಡು ಸುಮ್ಮನಾಗಬಾರದು. ಆ ಪದ ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದನ್ನೂ ಕೇಳಬೇಕು. ಈ ಮಾತು ಎಲ್ಲ ಸುದ್ದಿಗಳಿಗಿಂತ ಹೆಚ್ಚಾಗಿ ತಂತ್ರಜ್ಞಾನ ಮತ್ತು ಅದರ ಮೇಲಿನ ನಿರ್ಬಂಧಗಳ ಸುದ್ದಿಗೆ ಅನ್ವಯಿಸುತ್ತದೆ.

ಮೊದಲು ‘ಸೆನ್ಸಾರ್’ ಎಂಬ ಪದವನ್ನೇ ನೋಡೋಣ. ಸಿನಿಮಾದ ದೆಸೆಯಿಂದ ಇದು ಕನ್ನಡದ್ದೇ ಆಗಿಹೋಗಿದೆ. ಮೂಲದಲ್ಲಿ ಇದು ಪ್ರಾಚೀನ ರೋಮಿನ ಒಬ್ಬ ಅಧಿಕಾರಿಯ ಹೆಸರು. ಪ್ರಜೆಗಳನ್ನು ಎಣಿಸುವುದು, ಅವರ ನಡತೆಯನ್ನು ವಿಚಾರಿಸುವುದು, ಇವೆರಡೂ ಅವನ ಕರ್ತವ್ಯಗಳು. ಜನಗಣತಿಯನ್ನು ಹೇಳುವ ‘ಸೆನ್ಸಸ್’, ಖಂಡನೆಯನ್ನು ಹೇಳುವ ‘ಸೆನ್ಶರ್’ ಇದೇ ಬೇರಿನವು. ಒಂದು ಪದದ ಬೆನ್ನು ಹತ್ತಿದರೆ ಮೂರು ದೊರೆಯುತ್ತವೆ. ನಮ್ಮ ದೇಶದ ಚಲನಚಿತ್ರ ಮಂಡಲಿಯ ಹೆಸರಿನಿಂದ 1983ರಲ್ಲಿ ‘ಸೆನ್ಸಾರ್’ ಪದವನ್ನು ತೆಗೆದು ‘ಸರ್ಟಿಫಿಕೇಶನ್’ ಎಂಬ ಸೌಮ್ಯವಾದ ಪದವನ್ನು ಇರಿಸಲಾಯಿತು. ಜನ ಮಾತ್ರ ಇಂದಿಗೂ ‘ಚಿತ್ರ ಸೆನ್ಸಾರ್ ಆಯಿತೇ?’ ಎಂದೇ ಕೇಳುತ್ತಾರೆ. ಕಚೇರಿ ಹೆಸರನ್ನು ಬದಲಿಸಬಹುದು; ಜನರ ನಾಲಗೆ ತನ್ನ ಅನುಭವದ ಪದವನ್ನು ಬಿಡುವುದಿಲ್ಲ.

ಬಾನುಲಿಯ ಕಾಲ ನಮಗೆ ಕೊಟ್ಟ ಪದ ‘ಜ್ಯಾಮ್’. ಇಂದು ಅದನ್ನು ರಸ್ತೆಯ ವಾಹನಗಳಿಗೆ ಬಳಸುತ್ತೇವೆ. ಸೋವಿಯತ್ ಒಕ್ಕೂಟ 1948ರಿಂದ 1988ರವರೆಗೆ, ನಡುವೆ ಕೆಲವು ಬಿಡುವುಗಳನ್ನು ಬಿಟ್ಟರೆ, ವಿದೇಶೀ ಪ್ರಸಾರಗಳ ತರಂಗಾಂತರದಲ್ಲೇ ಗದ್ದಲವನ್ನು ಬಿತ್ತರಿಸಿ ಅವು ಕೇಳಿಸದಂತೆ ಮಾಡುತ್ತಿತ್ತು. ಇದೇ ಜ್ಯಾಮಿಂಗ್. ಇಲ್ಲಿ ಮಾತನ್ನು ಅಳಿಸುವುದಿಲ್ಲ. ಅದರ ಮೇಲೆ ಸದ್ದನ್ನು ಹೇರುತ್ತಾರೆ. ಆದರೂ ಆ ಗೊರಗೊರ ಸದ್ದೇ ಕೇಳುಗನಿಗೆ ಒಂದು ಸಮಾಚಾರವಾಗಿತ್ತು: ಇಲ್ಲಿ ಯಾರೋ ಏನನ್ನೋ ಮುಚ್ಚುತ್ತಿದ್ದಾರೆ.

ಗಣಕಯಂತ್ರದ ಕಾಲದ ಪದಗಳು ಇನ್ನೂ ನಯವಾದವು. ‘ಬ್ಲಾಕ್’ ಎಂದರೆ ತಡೆ. ಬಾಗಿಲು ಮುಚ್ಚಿದೆ ಎಂದು ಓದುಗನಿಗೆ ತಿಳಿಯುತ್ತದೆ. ‘ಫಿಲ್ಟರ್’ ಎಂದರೆ ಸೋಸುವುದು. ಉಣ್ಣೆಯನ್ನು ಅದುಮಿ ಮಾಡಿದ ‘ಫೆಲ್ಟ್’ ಬಟ್ಟೆಯಲ್ಲಿ ದ್ರವವನ್ನು ಸೋಸುತ್ತಿದ್ದುದರಿಂದ ಹುಟ್ಟಿದ ಪದವಿದು. ಸೋಸಿ ಬಂದದ್ದನ್ನು ಕುಡಿಯುವವನಿಗೆ ಬಟ್ಟೆಯಲ್ಲಿ ಉಳಿದದ್ದೇನೆಂಬುದು ಕಾಣಿಸದು. ‘ಥ್ರಾಟಲ್’ ಎಂಬುದು ಗಂಟಲನ್ನು ಹೇಳುವ ‘ಥ್ರೋಟ್’ನಿಂದ ಬಂದದ್ದು: ಕತ್ತು ಹಿಚುಕುವುದು. ಜಾಲದ ವೇಗವನ್ನು ಬೇಕೆಂದೇ ತಗ್ಗಿಸಿದಾಗ ಈ ಪದವನ್ನು ಬಳಸುತ್ತಾರೆ. ಆಗ ಬಳಕೆದಾರ ತನ್ನ ಯಂತ್ರವನ್ನೇ ದೂರುತ್ತ ಕೂರಬಹುದು. ತಡೆ, ಸೋಸುವಿಕೆ, ಕತ್ತು ಹಿಚುಕುವಿಕೆ ಈ ಮೂರನ್ನೂ ಕನ್ನಡದಲ್ಲಿ ‘ನಿರ್ಬಂಧ’ ಎಂದು ಬರೆದುಕೊಂಡವನು ಇವುಗಳ ನಡುವಣ ಭೇದವನ್ನು ಕಳೆದುಕೊಳ್ಳುತ್ತಾನೆ.

ಚೀನಾದ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಒಂದು ಮನೆಯ ಬೆಂಕಿ ಇನ್ನೊಂದಕ್ಕೆ ಹರಡದಂತೆ ಕಟ್ಟುವ ಗೋಡೆಗೆ ‘ಫೈರ್‌ವಾಲ್’ ಎಂದು ಹೆಸರು. ಗಣಕಜಾಲದವರು ಆ ಪದವನ್ನು ಎರವಲು ಪಡೆದರು. ಚೀನಾದ ಮಹಾಗೋಡೆಯನ್ನು ನೆನಪಿಸುವಂತೆ ‘ಗ್ರೇಟ್ ಫೈರ್‌ವಾಲ್’ ಎಂಬ ಶ್ಲೇಷೆ 1997ರಲ್ಲಿ ಒಂದು ಅಮೆರಿಕನ್ ಪತ್ರಿಕೆಯ ಲೇಖನಕ್ಕೆ ಶೀರ್ಷಿಕೆಯಾಯಿತು. ಆದರೆ ಅಲ್ಲಿನ ಸಾರ್ವಜನಿಕ ಸುರಕ್ಷಾ ಸಚಿವಾಲಯ ತನ್ನ ಜಾಲಯೋಜನೆಗೆ ಇಟ್ಟ ಹೆಸರು ‘ಗೋಲ್ಡನ್ ಶೀಲ್ಡ್’, ಎಂದರೆ ಚಿನ್ನದ ಗುರಾಣಿ. ಹೊರಗಿನವರು ಕಂಡದ್ದು ಗೋಡೆ, ಒಳಗಿನ ಅಧಿಕಾರ ಹೇಳಿದ್ದು ಗುರಾಣಿ. ಗೂಗಲ್ ಸಂಸ್ಥೆ 2006ರಲ್ಲಿ ಫಲಿತಾಂಶಗಳನ್ನು ಸೋಸಿ ಕೊಡಲು ಒಪ್ಪಿ ಚೀನಾದಲ್ಲಿ ತನ್ನ ತಾಣವನ್ನು ತೆರೆಯಿತು. 2010ರ ಜನವರಿಯಲ್ಲಿ ಇನ್ನು ಸೆನ್ಸಾರ್ ಮಾಡಲೊಲ್ಲೆನೆಂದು ಸಾರಿ, ಮಾರ್ಚ್‌ನಲ್ಲಿ ಬಳಕೆದಾರರನ್ನು ಹಾಂಗ್‌ಕಾಂಗಿನ ತಾಣದತ್ತ ತಿರುಗಿಸಿತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. 2011ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಜನ ಬೀದಿಗಿಳಿದಾಗ ಆ ದೇಶದ ಅಂತರ್ಜಾಲ ಸುಮಾರು ಐದು ದಿನ ನಿಂತುಹೋಯಿತು. ಇಂಥ ಘಟನೆಯನ್ನು ಇಂಗ್ಲಿಷಿನಲ್ಲಿ ‘ಔಟೇಜ್’ ಎನ್ನಬಹುದು, ‘ಶಟ್‌ಡೌನ್’ ಎನ್ನಬಹುದು, ‘ಸಸ್ಪೆನ್ಷನ್’ ಎಂದೂ ಹೇಳಬಹುದು. ಔಟೇಜ್ ಎಂದರೆ ಮಳೆಗಾಳಿಗೆ ದೀಪ ಆರಿದಂತೆ, ಅಲ್ಲಿ ಕರ್ತೃವಿಲ್ಲ. ಶಟ್‌ಡೌನ್ ಎಂದೊಡನೆ ಗುಂಡಿಯನ್ನು ಒತ್ತಿದ ಕೈ ಕಾಣುತ್ತದೆ. ಸಸ್ಪೆನ್ಷನ್ ಎಂಬುದು ಅಪ್ಪಣೆಯ ಭಾಷೆ. ತಾತ್ಕಾಲಿಕ ಎಂಬ ಸಮಾಧಾನವೂ ಅದರ ಒಳಗಿದೆ. ನಮ್ಮ ಕೇಂದ್ರ ಸರ್ಕಾರ 2017ರಲ್ಲಿ ರೂಪಿಸಿದ ನಿಯಮಗಳ ಹೆಸರಿನಲ್ಲೇ ‘ಟೆಂಪರರಿ ಸಸ್ಪೆನ್ಷನ್’ ಎಂಬ ಮಾತಿತ್ತು. 2019ರ ಆಗಸ್ಟಿನಲ್ಲಿ ಕಾಶ್ಮೀರದಲ್ಲಿ ಜಾಲಸೇವೆ ನಿಂತು ತಿಂಗಳುಗಳೇ ಕಳೆದವು. 2020ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯ, ಅನಿರ್ದಿಷ್ಟ ಕಾಲದ ನಿಲುಗಡೆ ಸಲ್ಲದು, ಅಂಥ ಆಜ್ಞೆಗಳನ್ನು ಪ್ರಕಟಿಸಬೇಕು ಎಂದು ಹೇಳಿತು. ಆಜ್ಞೆಯನ್ನು ಪ್ರಕಟಿಸುವುದೆಂದರೆ ವ್ಯಾಕರಣದ ಮಾತಿನಲ್ಲಿ ಕರ್ತೃವನ್ನು ವಾಕ್ಯಕ್ಕೆ ಮರಳಿ ತರುವುದೇ ಅಲ್ಲವೇ?

ಕನ್ನಡದ ಅಧ್ಯಾಪಕನಾಗಿ ನನಗೆ ಇಲ್ಲಿ ಇನ್ನೊಂದು ಕಳವಳವಿದೆ. ‘ಸೇವೆಯನ್ನು ಸ್ಥಗಿತಗೊಳಿಸಲಾಗಿದೆ’, ‘ಲೇಖನವನ್ನು ತೆಗೆದುಹಾಕಲಾಗಿದೆ’ ಎಂಬ ವಾಕ್ಯಗಳು ನಮ್ಮ ಪತ್ರಿಕೆಗಳಲ್ಲಿ ನಿತ್ಯವೂ ಕಾಣುತ್ತವೆ. ಇಂಗ್ಲಿಷಿನ ಕರ್ಮಣಿ ಪ್ರಯೋಗದ ನೆರಳಿನಲ್ಲಿ ಬೆಳೆದ ಶೈಲಿಯಿದು. ಮನೆಯಲ್ಲಿ ಯಾರೂ ‘ಅನ್ನವನ್ನು ಬೇಯಿಸಲಾಗಿದೆ’ ಎನ್ನುವುದಿಲ್ಲ. ‘ಅಮ್ಮ ಅನ್ನ ಮಾಡಿದ್ದಾಳೆ’ ಎನ್ನುತ್ತೇವೆ. ಕರ್ಮಣಿ ಪ್ರಯೋಗ ತಪ್ಪೆಂದು ನಾನು ಹೇಳುತ್ತಿಲ್ಲ. ಮಾಡಿದವರು ಯಾರೆಂಬುದು ಮುಖ್ಯವಲ್ಲದ ಕಡೆ ಅದಕ್ಕೆ ಸ್ಥಾನವುಂಟು. ನಿರ್ಬಂಧದ ಸುದ್ದಿಯಲ್ಲಾದರೋ ಮಾಡಿದವರು ಯಾರೆಂಬುದೇ ಮುಖ್ಯ.

ಆದುದರಿಂದ ವಾರ್ತೆಯಿಂದ ಇಂಗ್ಲಿಷ್ ಕಲಿಯುವ ತರುಣರಿಗೆ ನನ್ನದೊಂದು ಸೂಚನೆ. ಟಿಪ್ಪಣಿ ಪುಸ್ತಕದಲ್ಲಿ ಪದ ಮತ್ತು ಅರ್ಥಗಳ ಎರಡು ಸಾಲುಗಳ ಪಕ್ಕದಲ್ಲಿ ಮೂರನೆಯದೊಂದನ್ನು ಎಳೆಯಿರಿ. ಅದರಲ್ಲಿ ‘ಯಾರು, ಯಾರಿಗೆ ಮಾಡಿದರು’ ಎಂದು ಬರೆಯಿರಿ. ಅದೇ ಘಟನೆಯನ್ನು ಎರಡು ಪತ್ರಿಕೆಗಳಲ್ಲಿ ಓದಿ, ಯಾರು ಯಾವ ಪದವನ್ನು ಆರಿಸಿದರೆಂದು ಹೋಲಿಸಿ. ಕೊನೆಗೆ ಆ ಸುದ್ದಿಯನ್ನು ಕರ್ತೃಸಹಿತವಾದ ಕನ್ನಡ ವಾಕ್ಯದಲ್ಲಿ ಬರೆಯಲು ಯತ್ನಿಸಿ. ಎಲ್ಲಿ ಕರ್ತೃ ದೊರೆಯದೋ ಅಲ್ಲಿ ಸುದ್ದಿ ಇನ್ನೂ ಪೂರ್ತಿಯಾಗಿಲ್ಲವೆಂದು ತಿಳಿಯಿರಿ.