ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಕಡಲು: ನಾಲ್ಕು ದಿನದ ಟುಲುಮ್ ಪ್ರವಾಸ

ಊರಿನಿಂದ ಹಿರಿಯರು ಅಮೆರಿಕಕ್ಕೆ ಬಂದರೆಂದರೆ ನಮ್ಮೆಲ್ಲರ ಮನೆಯಲ್ಲೂ ಪಟ್ಟಿ ಒಂದೇ: ನಯಾಗರಾ, ವಾಷಿಂಗ್ಟನ್, ಡಿಸ್ನಿ, ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನ. ಇಷ್ಟೆಲ್ಲ ಮುಗಿದ ಮೇಲೂ ಅವರು ಹೊರಡಲು ಎರಡು ತಿಂಗಳು ಬಾಕಿ ಇರುತ್ತದೆ, ಹೊರಗೆ ಚಳಿ ಶುರುವಾಗಿರುತ್ತದೆ! ಅಂಥ ಒಂದು ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾವು ಆರು ಜನ ಮೆಕ್ಸಿಕೋದ ಟುಲುಮ್‌ಗೆ ಹೋಗಿ ಬಂದೆವು.

ಮಕ್ಕಳಿಬ್ಬರಿಗೂ ಸಮುದ್ರ ಬೇಕು. ಪಿ.ಡಬ್ಲ್ಯು.ಡಿ.ಯಲ್ಲಿ ಮೂವತ್ತು ವರ್ಷ ರಸ್ತೆ ಮಾಡಿಸಿದ ಮಾವನವರಿಗೆ ಹಳೆಯ ಕಲ್ಲುಕಟ್ಟಡ ಬೇಕು. ಅತ್ತೆಯವರಿಗೆ ಮಂಡಿನೋವು, ಜೊತೆಗೆ ಸಸ್ಯಾಹಾರ. "ಇನ್ನೊಂದು ಸಲ ಇಷ್ಟು ದೂರ ಬರೋದು ಆಗುತ್ತೋ ಇಲ್ಲವೋ, ಚೆನ್ನಾಗಿ ನೋಡಿಬಿಡೋಣ" ಎಂದರು ಮಾವ. ಯೋಜನೆ ಹಾಕುವಾಗ ನಾನು ಆ ಮಾತನ್ನೇ ಅಳತೆಗೋಲು ಮಾಡಿಕೊಂಡೆ. ಹೆಚ್ಚು ನೋಡುವುದು ಬೇರೆ, ಚೆನ್ನಾಗಿ ನೋಡುವುದು ಬೇರೆ.

ಮೊದಲ ಚರ್ಚೆ ಚಿಚೆನ್ ಇಟ್ಜಾ ಬಗ್ಗೆ. 2007ರಲ್ಲಿ ಹೊಸ ಏಳು ಅದ್ಭುತಗಳಲ್ಲಿ ಒಂದಾಗಿ ಆಯ್ಕೆಯಾದ ಜಾಗ, ಬಿಡುವುದು ಹೇಗೆ? ಆದರೆ ಟುಲುಮ್‌ನಿಂದ ಅದು ಸುಮಾರು 150 ಕಿಲೋಮೀಟರ್ ಒಳನಾಡಿನಲ್ಲಿದೆ. ಹೋಗಿ ಬರುವುದರಲ್ಲೇ ಒಂದು ದಿನ ಕಳೆಯುತ್ತದೆ, ಸಮುದ್ರದ ಮಾತೇ ಇಲ್ಲ. ನಾಲ್ಕು ದಿನದಲ್ಲಿ ಅದನ್ನು ಕೈಬಿಡುವುದೇ ಸರಿ ಎಂದು ಎಲ್ಲರೂ ಒಪ್ಪಿದರು. ಆಮೇಲೆ ಉಳಿದದ್ದೆಲ್ಲ ಸುಲಭವಾಯಿತು. ದಿನಕ್ಕೆ ಒಂದೇ ಅವಶೇಷ, ಅದೂ ಬೆಳಿಗ್ಗೆ. ಬಿಸಿಲೇರಿದ ಮೇಲೆ ನೀರು.

ಮೊದಲ ದಿನ ಪ್ರಯಾಣ, ಸಂಜೆ ಮರಳಿನ ಮೇಲೆ ಕಾಲು ಚಾಚಿ ಕೂರುವುದು, ಅಷ್ಟೆ. ಕ್ಯಾಂಕೂನ್‌ನಿಂದ ಟುಲುಮ್ ಸುಮಾರು 130 ಕಿಲೋಮೀಟರ್. 2023ರ ಡಿಸೆಂಬರಿನಿಂದ ಟುಲುಮ್‌ಗೇ ವಿಮಾನ ನಿಲ್ದಾಣವಿದೆ. ಟಿಕೆಟ್ ತೆಗೆಯುವಾಗ ಎರಡನ್ನೂ ಹೋಲಿಸಿ ನೋಡಿ.

ಎರಡನೆಯ ದಿನ ಬಾಗಿಲು ತೆರೆಯುವ ಹೊತ್ತಿಗೇ ಟುಲುಮ್ ಕೋಟೆಯ ಮುಂದಿದ್ದೆವು. ಒಳಗೆ ನೆರಳು ಕಡಿಮೆ, ಹತ್ತು ಗಂಟೆಯಾದರೆ ಪ್ರವಾಸಿ ಬಸ್ಸುಗಳ ಜನಸಂದಣಿ. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಸುಮಾರು 12 ಮೀಟರ್ ಎತ್ತರದ ಬಂಡೆ, ಕೆಳಗೆ ಕೆರೀಬಿಯನ್ ಸಮುದ್ರದ ಹಸಿರುನೀಲಿ. ಮಾಯಾ ಭಾಷೆಯಲ್ಲಿ ಟುಲುಮ್ ಎಂದರೆ ಗೋಡೆ ಎಂದೇ ಅರ್ಥ. ಇದು 13ರಿಂದ 15ನೆಯ ಶತಮಾನದವರೆಗೆ ಏಳಿಗೆಯಲ್ಲಿದ್ದ ಬಂದರು. ಗ್ವಾಟೆಮಾಲಾ ಕಡೆಯಿಂದ ಗಾಜಿನಂಥ ಕಪ್ಪು ಜ್ವಾಲಾಮುಖಿ ಕಲ್ಲು ಇಲ್ಲಿಗೆ ಬರುತ್ತಿತ್ತು. ಅದನ್ನು ಒಡೆದು ಚಾಕು ಮಾಡುತ್ತಿದ್ದರು. "ಅಂದರೆ ನಮ್ಮ ಹಂಪಿಯ ಕಾಲ!" ಎಂದರು ಮಾವ. ನಿಜವೇ. ವಿಜಯನಗರ ಸ್ಥಾಪನೆಯಾದ 1336ರಲ್ಲಿ ಇಲ್ಲಿ ದೋಣಿಗಳು ಸರಕು ಇಳಿಸುತ್ತಿದ್ದವು. 1518ರಲ್ಲಿ ಸ್ಪ್ಯಾನಿಷ್ ಹಡಗುಗಳು ಈ ತೀರದುದ್ದಕ್ಕೂ ಸಾಗಿದಾಗ ಅತ್ತ ಕೃಷ್ಣದೇವರಾಯ ಆಳುತ್ತಿದ್ದ. ಇಷ್ಟು ಹೇಳಿದ್ದಕ್ಕೇ ನಮ್ಮ ಒಂಬತ್ತರ ಮಗನಿಗೆ ಕಲ್ಲುಗಳ ಮೇಲೆ ಆಸಕ್ತಿ ಬಂತು. ಹನ್ನೊಂದು ಗಂಟೆಗೆ ಹೊರಬಂದು ಮಧ್ಯಾಹ್ನವೆಲ್ಲ ಅಲೆಗಳಲ್ಲಿ ಆಡಿದೆವು.

ಮೂರನೆಯ ದಿನ ಕೋಬಾ. ಟುಲುಮ್‌ನಿಂದ ಸುಮಾರು 45 ಕಿಲೋಮೀಟರ್ ದೂರ, ಕಾಡಿನ ನಡುವೆ. ಇಲ್ಲಿನ ನೊಹೊಚ್ ಮುಲ್ ಪಿರಮಿಡ್ 42 ಮೀಟರ್ ಎತ್ತರ. ಕಟ್ಟಡಗಳು ಒಂದರಿಂದೊಂದು ದೂರವಿದ್ದರೂ ಮಂಡಿನೋವಿನವರು ಹೆದರಬೇಕಿಲ್ಲ, ಬಾಡಿಗೆಗೆ ತ್ರಿಚಕ್ರ ಸೈಕಲ್ ಗಾಡಿ ಸಿಗುತ್ತದೆ. ಮುಂದಿನ ಸೀಟಿನಲ್ಲಿ ಅತ್ತೆಯವರು ಮಹಾರಾಣಿಯಂತೆ ಕೂತು ಹೊರಟರು! ಮಾವ ಮಾತ್ರ ಪಿರಮಿಡ್ಡಿಗಿಂತ ರಸ್ತೆಯ ಹತ್ತಿರವೇ ನಿಂತುಬಿಟ್ಟರು. ಮಾಯಾ ಜನ ಕಾಡಿನಲ್ಲಿ ಏರಿ ಕಟ್ಟಿ, ಕಲ್ಲು ತುಂಬಿ, ಮೇಲೆ ಸುಣ್ಣದ ಗಾರೆ ಬಳಿದು ಮಾಡಿದ ಬಿಳಿಯ ದಾರಿಗಳಿವು. ಹೆಸರು ಸಾಕ್‌ಬೆ. ಒಂದು ದಾರಿ ಇಲ್ಲಿಂದ ಯಾಶುನಾದವರೆಗೆ ಸುಮಾರು 100 ಕಿಲೋಮೀಟರ್ ಹೋಗುತ್ತದೆ. ಗಾಡಿ ಇಲ್ಲ, ಎತ್ತು ಕುದುರೆ ಇಲ್ಲ, ಕಬ್ಬಿಣದ ಸಲಾಕೆಯೂ ಇಲ್ಲ! ಮಾವ ಬಗ್ಗಿ ಅಂಚಿನ ಕಲ್ಲನ್ನು ಮುಟ್ಟಿ ನೋಡಿ, "ಲೆವೆಲ್ ಹೇಗೆ ಹಿಡಿದರೋ!" ಎಂದರು. ಆ ದಾರಿಯಲ್ಲೇ ಅರ್ಧ ಗಂಟೆ ಕಳೆಯಿತು. ಆ ಅರ್ಧ ಗಂಟೆ ನಮ್ಮ ಬಳಿ ಇತ್ತಲ್ಲ, ಅದೇ ನನಗೆ ಸಮಾಧಾನ.

ನಮ್ಮ ಗೈಡ್ ಅಲ್ಲಿನವನೇ, ಮಾಯಾ. ಅಳಿದುಹೋದ ಜನಾಂಗ ಎಂದುಕೊಂಡಿದ್ದ ಮಗಳು ಅವನನ್ನೇ ನೋಡುತ್ತಿದ್ದಳು. ಯುಕಟಾನ್ ಸೀಮೆಯ ಮಾಯಾ ಭಾಷೆಯನ್ನು ಇಂದಿಗೂ ಏಳೂವರೆ ಲಕ್ಷಕ್ಕೂ ಹೆಚ್ಚು ಜನ ಆಡುತ್ತಾರೆ. "ಅಮ್ಮನ ಹತ್ತಿರ ಮಾಯಾ ಮಾತಾಡುತ್ತೇನೆ, ಮಕ್ಕಳು ಸ್ಪ್ಯಾನಿಷಿನಲ್ಲಿ ಉತ್ತರ ಕೊಡುತ್ತಾರೆ" ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಮೊಮ್ಮಕ್ಕಳ ಕಡೆ ನೋಡಿ ನಕ್ಕರು. ಮಗಳು ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜನಿಗೆ ಕನ್ನಡದಲ್ಲೇ, "ತಾತ, ನೀರು ಬೇಕಾ?" ಎಂದು ಕೇಳಿದಳು.

ಹಿಂದಿರುಗುವಾಗ ಸೆನೋಟೆಯಲ್ಲಿ ಈಜು. ಸುಣ್ಣಕಲ್ಲಿನ ಈ ನಾಡಿನಲ್ಲಿ ನೆಲದ ಮೇಲೆ ನದಿಗಳು ಕಾಣುವುದೇ ಅಪರೂಪ, ನೀರೆಲ್ಲ ನೆಲದಡಿಯಲ್ಲಿ. ಚಾವಣಿ ಕುಸಿದಲ್ಲಿ ತಿಳಿನೀರಿನ ಕೊಳ, ದೇವರೇ ಕಟ್ಟಿದ ಕಲ್ಯಾಣಿ. ಸನ್‌ಸ್ಕ್ರೀನ್ ತೊಳೆದುಕೊಂಡೇ ಇಳಿಯಬೇಕು.

ಹೊರಡುವವರಿಗೆ ನಾಲ್ಕು ಮಾತು. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಭಾರತದ ಪಾಸ್‌ಪೋರ್ಟಿನ ಪ್ರವಾಸಿಗಳಿಗೆ ಮೆಕ್ಸಿಕೋದ ಬೇರೆ ವೀಸಾ ಬೇಡ. ಆದರೂ ಟಿಕೆಟ್ಟಿಗೆ ಮೊದಲು ಅವರ ಕಾನ್ಸುಲೇಟಿನ ನಿಯಮ ನೋಡಿಕೊಳ್ಳಿ. ಹಿರಿಯರ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥದ್ದೇ ಎಂದೂ ಖಚಿತಪಡಿಸಿಕೊಳ್ಳಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ, ಕೊನೆಯ ದಿನಗಳಲ್ಲಿ ಅಪಾಯ ಕಡಿಮೆ. ಬೇಸಿಗೆಯಲ್ಲಿ ಸರ್ಗಾಸಮ್ ಎಂಬ ಕಂದು ಪಾಚಿ ರಾಶಿರಾಶಿಯಾಗಿ ದಡಕ್ಕೆ ಬರುತ್ತದೆ. ಹುರುಳಿಕಾಯಿ ಬೀಜದ ಪಲ್ಯ ಎಲ್ಲೆಡೆ ಸಿಗುತ್ತದೆ, ಆದರೆ ಹಂದಿಕೊಬ್ಬು ಹಾಕಿರಬಹುದು. "ಸಿನ್ ಕಾರ್ನೆ, ಸಿನ್ ಮಾಂತೇಕಾ" ಎಂದು ಹೇಳಿ. ಬೆಳಗಿನ ಹಸಿವಿಗೆ ಅತ್ತೆಯವರ ಕೋಡುಬಳೆ ನಮ್ಮನ್ನು ಕಾಪಾಡಿತು.

ಚಿಚೆನ್ ಇಟ್ಜಾ ನಾವಿನ್ನೂ ನೋಡಿಲ್ಲ. ನೀವು ಹೋಗಿ ಬಂದಿದ್ದರೆ ಮುಂದಿನ ಸಂಚಿಕೆಗೆ ಖಂಡಿತ ಬರೆಯಿರಿ.